ಅಪ್‌ಡೇಟ್: ಇಂಗ್ಲೆಂಡಿಗೆ ಹೊರಟ ನಾಯಿಗೆ ಮೈಕ್ರೋಚಿಪ್

ಬೆಂಗಳೂರಿನಿಂದ ಇಂಗ್ಲೆಂಡಿಗೆ ನಾಯಿ ಕರೆದೊಯ್ಯುವಾಗ ಮೈಕ್ರೋಚಿಪ್ (ಚರ್ಮದಡಿ ಇರಿಸುವ, ಗುರುತಿನ ನಂಬರಿರುವ ಪುಟ್ಟ ಚಿಪ್) ನಿಜಕ್ಕೂ ಬೇಕಾ ಎಂದು ಕೇಳಿದ್ದೆ. ಬೇಕೇ ಬೇಕು. ಚಿಪ್ ಇಲ್ಲದೆ ಪ್ರವೇಶವೇ ಇಲ್ಲ. ಅಲ್ಲಿ 2016ರಿಂದ ಎಂಟು ವಾರ ದಾಟಿದ ನಾಯಿಗಳಿಗೆ ಅದು ಕಡ್ಡಾಯ. ನೋಟಿಸ್ ಬಂದು 21 ದಿನದೊಳಗೆ ಹಾಕಿಸದಿದ್ದರೆ 500 ಪೌಂಡ್‌ವರೆಗೆ ದಂಡ.

ಹೆಚ್ಚಿನವರು ಎಡವುವುದು ಕ್ರಮದಲ್ಲಿ. ಮೊದಲು ಚಿಪ್, ಆಮೇಲೆ ರೇಬಿಸ್ ಲಸಿಕೆ. ಲಸಿಕೆ ಮೊದಲಾಗಿದ್ದರೆ ಅದು ಲೆಕ್ಕಕ್ಕಿಲ್ಲ, ಚಿಪ್ ಹಾಕಿಸಿ ಮತ್ತೆ ಕೊಡಿಸಬೇಕು. ಲಸಿಕೆಯಾಗಿ ಕನಿಷ್ಠ 30 ದಿನದ ಮೇಲೆ ರಕ್ತ ಪರೀಕ್ಷೆ; ಮಾನ್ಯ ಲ್ಯಾಬ್‌ನ ವರದಿಯಲ್ಲಿ ರೇಬಿಸ್ ಪ್ರತಿಕಾಯ (ಲಸಿಕೆಯಿಂದ ರಕ್ತದಲ್ಲಿ ಹುಟ್ಟುವ ರೋಗನಿರೋಧಕ ಅಂಶ) ಪ್ರತಿ ಮಿಲಿಲೀಟರಿಗೆ 0.5 ಐಯು (ಅಂತರರಾಷ್ಟ್ರೀಯ ಅಳತೆ ಘಟಕ) ಆದರೂ ಇರಬೇಕು. ರಕ್ತ ತೆಗೆದ ದಿನದಿಂದ ಮೂರು ತಿಂಗಳು ಕಾಯಲೇಬೇಕು. ಆದ್ದರಿಂದ ವೀಸಾ ಮಾತು ಶುರುವಾದಾಗಲೇ ಚಿಪ್ ಹಾಕಿಸಿಬಿಡಿ.

ಐಎಸ್‌ಒ 11784/11785 ಎಂಬ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರದ, 15 ಅಂಕಿಯ ಚಿಪ್ಪೇ ಬೇಕೆಂದು ಡಾಕ್ಟರಿಗೆ ಸ್ಪಷ್ಟವಾಗಿ ಹೇಳಿ. ಅಕ್ಕಿಕಾಳಿನಷ್ಟಿರುವ ಇದನ್ನು ಭುಜದ ಮೂಳೆಗಳ ನಡುವೆ, ಚರ್ಮದಡಿ ದಪ್ಪ ಸೂಜಿಯಿಂದ ಚುಚ್ಚುತ್ತಾರೆ. ಚುಚ್ಚಿದ ಕೂಡಲೇ ಸ್ಕ್ಯಾನ್ ಮಾಡಿಸಿ, ನಂಬರನ್ನು ಲಸಿಕೆ ಪುಸ್ತಕದ ಜೊತೆ ಅಂಕಿ ಅಂಕಿಯಾಗಿ ತಾಳೆ ನೋಡಿ. ಒಂದು ಅಂಕಿ ತಪ್ಪಿದ್ದರೂ ದಾಖಲೆ ತಿರಸ್ಕೃತವಾಗಬಹುದು. ಚಿಪ್ ಕೆಲವೊಮ್ಮೆ ಭುಜದತ್ತ ಜಾರುತ್ತದೆ, ಹಾಗಾಗಿ ಸ್ಕ್ಯಾನರನ್ನು ಮುಂಗಾಲಿನವರೆಗೂ ನಿಧಾನವಾಗಿ ಆಡಿಸಬೇಕು.

ಅದರಲ್ಲಿ ಜಿಪಿಎಸ್ ಇಲ್ಲ, ಬ್ಯಾಟರಿಯೂ ಇಲ್ಲ. ಇರುವುದು ನಂಬರ್ ಮಾತ್ರ. ಅಲ್ಲಿಳಿದ ಮೇಲೆ ಸರ್ಕಾರದ ನಿಯಮಕ್ಕೆ ಒಳಪಟ್ಟ ಡೇಟಾಬೇಸಿನಲ್ಲಿ ಆ ನಂಬರನ್ನು ಅಲ್ಲಿನ ವಿಳಾಸ, ಮೊಬೈಲ್ ಸಮೇತ ನೋಂದಾಯಿಸಿ. ಮನೆ ಬದಲಿಸಿದಾಗ ಅದನ್ನೂ ತಿದ್ದಿಸಬೇಕು. ಹೊರಗೆ ಕರೆದೊಯ್ಯುವಾಗ ಹೆಸರು, ವಿಳಾಸವಿರುವ ಕೊರಳಪಟ್ಟಿಯೂ ಕಾನೂನಿನ ಪ್ರಕಾರ ಬೇಕು.