ಪರಮಾಣು ಸುರಕ್ಷತೆಯನ್ನು ನಿಯಂತ್ರಿಸುವವರ ದಿನನಿತ್ಯದ ಕೆಲಸ ಹೇಗಿರುತ್ತದೆ?

ಪ್ರಶ್ನೆ: ಪೆರಿಯದ ವಿದ್ಯಾರ್ಥಿನಿ

ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಭೌತವಿಜ್ಞಾನದ ಎಂ.ಎಸ್‌ಸಿ. ಓದುತ್ತಿದ್ದೇನೆ. ಎಇಆರ್‌ಬಿ, ಅಂದರೆ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯಲ್ಲಿ ವೈಜ್ಞಾನಿಕ ಅಧಿಕಾರಿಯಾಗಬೇಕೆಂಬ ಆಸೆಯಿದೆ. ಮನೆಯಲ್ಲಿ ರಿಯಾಕ್ಟರಿನ ಸಹವಾಸವೇ ಬೇಡ ಎನ್ನುತ್ತಾರೆ. ಕಾಲೇಜಿನ ಹಿರಿಯರಾದರೋ ಅದು ಬರೀ ಕಡತ ನೋಡುವ ಕೆಲಸ, ಕಲಿತ ವಿಜ್ಞಾನ ಮರೆತುಹೋಗುತ್ತದೆ ಎನ್ನುತ್ತಾರೆ. ಅಲ್ಲಿನ ಒಬ್ಬ ಅಧಿಕಾರಿ ದಿನವಿಡೀ ಏನು ಮಾಡುತ್ತಾರೆ? ಅಣುಸ್ಥಾವರವೇ ಇಲ್ಲದ ನಮ್ಮ ಕಾಸರಗೋಡಿಗೂ ಅವರಿಗೂ ಏನಾದರೂ ಸಂಬಂಧವಿದೆಯೇ?

ಉತ್ತರ: ಕುಂಬಳೆ ಮೂಲದ ನಿವೃತ್ತ, ಮುಂಬಯಿ

ಮಗಳೇ, ಕಡತದ ಮಾತು ನಿಜ. ವಿಜ್ಞಾನ ಮರೆತುಹೋಗುತ್ತದೆ ಎಂಬುದು ಸುಳ್ಳು. 1983ರ ನವೆಂಬರ್ 15ರಂದು ರಚನೆಯಾದ ಈ ಮಂಡಳಿಯ ಕಚೇರಿ ಮುಂಬಯಿಯ ಅಣುಶಕ್ತಿನಗರದಲ್ಲಿದೆ. ಸ್ಥಾವರಕ್ಕೆ ಜಾಗ ಗೊತ್ತುಮಾಡಲು, ಕಟ್ಟಲು, ಚಾಲನೆ ಕೊಡಲು, ನಡೆಸಲು ಮತ್ತು ಕೊನೆಗೆ ಕಳಚಲು ಬೇರೆ ಬೇರೆಯಾಗಿ ಒಪ್ಪಿಗೆ ಪಡೆಯಬೇಕು. ಪ್ರತಿ ಹಂತದಲ್ಲೂ ಸ್ಥಾವರದವರು ಸಂಪುಟಗಟ್ಟಲೆ ಸುರಕ್ಷತಾ ವಿಶ್ಲೇಷಣೆಯನ್ನು ಕಳುಹಿಸುತ್ತಾರೆ. ನಿಮ್ಮ ಮೇಜಿಗೆ ಅದರ ಒಂದೇ ಅಧ್ಯಾಯ ಬರಬಹುದು. ಹೊರಗಿನ ವಿದ್ಯುತ್ ಪೂರ್ತಿ ಕಡಿದುಹೋದಾಗ ಇಂಧನದ ಶಾಖವನ್ನು ಹೇಗೆ ತೆಗೆಯುತ್ತಾರೆ ಎಂಬುದು ಅದರ ವಿಷಯ ಎಂದಿಟ್ಟುಕೊಳ್ಳಿ. ಅವರು ಹಿಡಿದ ಊಹೆಗಳು ಸರಿಯೇ ಎಂದು ನೋಡಿ, ಬೇಕಾದಲ್ಲಿ ಸ್ವತಂತ್ರವಾಗಿ ಲೆಕ್ಕ ಹಾಕಿ, ಪ್ರಶ್ನೆ ಬರೆದು ಕಳುಹಿಸಬೇಕು. ಉತ್ತರ ಬಂದಮೇಲೆ ಅದರಲ್ಲಿ ಮತ್ತೆ ಪ್ರಶ್ನೆ ಹುಟ್ಟುತ್ತದೆ. ಸಮಿತಿಗಳಲ್ಲಿ ನಿಮಗಿಂತ ಹಿರಿಯರಾದ ತಜ್ಞರ ಎದುರು ಕುಳಿತು, ಈ ಉತ್ತರ ಸಾಲದು ಎಂದು ಕಾರಣಸಹಿತ ಹೇಳಲು ಬಾರದವರಿಗೆ ಈ ಕೆಲಸ ಒಗ್ಗದು.

ತಪಾಸಣೆಗೆ ಹೋದರೂ ಓದು ತಪ್ಪುವುದಿಲ್ಲ. ಹಿಂದಿನ ವರದಿಯಲ್ಲಿ ಉಳಿದ ಬಾಕಿಗಳು, ನಿಯಂತ್ರಣ ಕೊಠಡಿಯ ದಿನಚರಿ ಪುಸ್ತಕ, ತುರ್ತು ಪಂಪುಗಳ ಪರೀಕ್ಷಾ ದಾಖಲೆ, ಇವೆಲ್ಲವನ್ನೂ ಒಪ್ಪಿಗೆ ಪಡೆದ ತಾಂತ್ರಿಕ ಮಿತಿಗಳ ಪಕ್ಕದಲ್ಲಿಟ್ಟು ನೋಡಬೇಕು. ನಮಗೆ ಹತ್ತಿರದ ಕೈಗಾದಲ್ಲಿ 2009ರ ನವೆಂಬರಿನಲ್ಲಿ ಕುಡಿಯುವ ನೀರಿನ ಕೂಲರಿಗೆ ಯಾರೋ ಟ್ರಿಟಿಯಂ (ವಿಕಿರಣ ಸೂಸುವ ಜಲಜನಕ) ಇರುವ, ರಿಯಾಕ್ಟರಿನಲ್ಲಿ ಬಳಸುವ ಭಾರಜಲವನ್ನು ಬೆರೆಸಿದ್ದು ಬಯಲಾದದ್ದು ನೌಕರರ ಮೂತ್ರದ ವಾಡಿಕೆಯ ಪರೀಕ್ಷೆಯಿಂದ. ಬೇಸರ ತರಿಸುವ ಇಂಥ ವಾಡಿಕೆಗಳು ತಪ್ಪದೆ ನಡೆಯುತ್ತಿವೆಯೇ ಎಂದು ನೋಡುವುದರಲ್ಲೇ ಅಧಿಕಾರಿಯ ಬಹುಪಾಲು ಸಮಯ ಕಳೆಯುತ್ತದೆ. ಮನೆಯವರಿಗೂ ಒಂದು ಮಾತು ತಿಳಿಸಿ: ವಿಕಿರಣದ ನಡುವೆ ದುಡಿಯುವವರಿಗೆ ಐದು ವರ್ಷಗಳ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್ (ಮೈಗೆ ತಗಲುವ ವಿಕಿರಣದ, ಅಂದರೆ ಡೋಸಿನ, ಅಳತೆ), ಯಾವುದೇ ಒಂದು ವರ್ಷದಲ್ಲಿ 30 ಮಿಲಿಸೀವರ್ಟ್ ಮಿತಿಯಿದೆ, ತಪಾಸಣೆಗೆ ಹೋಗುವವರೂ ಡೋಸ್ ಅಳೆಯುವ ಬ್ಯಾಡ್ಜ್ ಧರಿಸಿಯೇ ಒಳಗೆ ಹೋಗುತ್ತಾರೆ.

ಉತ್ತರ: ಎಕ್ಸ್‌ರೇ ತಂತ್ರಜ್ಞೆ, ಕಾಸರಗೋಡು

ಹಿರಿಯರು ಸ್ಥಾವರದ ಕಡೆಯದನ್ನು ಹೇಳಿದ್ದಾರೆ. ಜಿಲ್ಲೆಯ ಸಂಬಂಧವನ್ನು ನಾನು ಹೇಳುತ್ತೇನೆ. ಹಲ್ಲಿನ ಚಿಕಿತ್ಸಾಲಯದ ಪುಟ್ಟ ಯಂತ್ರದಿಂದ ಸಿ.ಟಿ. ಸ್ಕ್ಯಾನ್‌ವರೆಗೆ ಎಕ್ಸ್‌ರೇ ಹೊಮ್ಮಿಸುವ ಎಲ್ಲವೂ ಈ ಮಂಡಳಿಯ ವ್ಯಾಪ್ತಿಗೆ ಬರುತ್ತವೆ. ಎಂ.ಆರ್.ಐ. ಮತ್ತು ಅಲ್ಟ್ರಾಸೌಂಡ್ ಬರುವುದಿಲ್ಲ. ಇ-ಲೋರಾ ಎಂಬ ಜಾಲತಾಣದಲ್ಲಿ ಕೋಣೆಯ ನಕ್ಷೆ, ಯಂತ್ರದ ವಿವರ, ಸಿಬ್ಬಂದಿಯ ಅರ್ಹತೆ ಎಲ್ಲವನ್ನೂ ಸಲ್ಲಿಸಬೇಕು. ನೇರ ಕಿರಣ ಬೀಳುವ ಗೋಡೆ 35 ಸೆಂಟಿಮೀಟರ್ ಇಟ್ಟಿಗೆಗೆ, ಚದುರಿದ ಕಿರಣ ಬೀಳುವ ಗೋಡೆ 23 ಸೆಂಟಿಮೀಟರಿಗೆ ಸಮನಾಗಿರಬೇಕೆಂಬುದು ರೂಢಿಯ ಅಳತೆ. ನಮ್ಮ ಕಡೆಯ ಕಟ್ಟಡಗಳು ಮುರಕಲ್ಲಿನವು. ಅದರ ಸಾಂದ್ರತೆ ಬೇರೆಯಾದ್ದರಿಂದ ಟೇಪು ಹಿಡಿದು ದಪ್ಪ ನೋಡಿದರೆ ಸಾಲದು, ಗೋಡೆಯಾಚೆ ಸರ್ವೇ ಮೀಟರ್ ಹಿಡಿದು ಕಿರಣ ಸೋರುತ್ತಿದೆಯೇ ಎಂದು ಅಳೆಯಬೇಕು. ನಾವು ಎದೆಯ ಮೇಲೆ, ಸೀಸದ ಏಪ್ರನ್ನಿನ ಒಳಗೆ ಧರಿಸುವ, ಡೋಸ್ ಅಳೆಯುವ ಟಿ.ಎಲ್.ಡಿ. ಬ್ಯಾಡ್ಜು ಮೂರು ತಿಂಗಳಿಗೊಮ್ಮೆ ಪರೀಕ್ಷೆಗೆ ಹೋಗುತ್ತದೆ.

ಆದರೆ ಎಲ್ಲವೂ ಕಾಗದದಲ್ಲಿರುವಷ್ಟು ಅಚ್ಚುಕಟ್ಟು ಎಂದು ಭಾವಿಸಬೇಡಿ. ದೇಶದ 57,443 ವೈದ್ಯಕೀಯ ಎಕ್ಸ್‌ರೇ ಘಟಕಗಳಲ್ಲಿ 52,173 ನೋಂದಣಿಯೇ ಇಲ್ಲದೆ ನಡೆಯುತ್ತಿವೆ ಎಂದು ಮಹಾಲೇಖಪಾಲರ 2012ರ ವರದಿ ಹೇಳಿತ್ತು. ಇ-ಲೋರಾ ಬಂದದ್ದು ಆಮೇಲೆ. ನಮ್ಮಲ್ಲಿ ಕೇರಳ ಸರಕಾರದ ವಿಕಿರಣ ಸುರಕ್ಷತಾ ನಿರ್ದೇಶನಾಲಯವೂ ತಪಾಸಣೆ ನಡೆಸುತ್ತದೆ. ನೀವು ಮುಂದೆ ಅಧಿಕಾರಿಯಾಗಿ ಈ ಕಡೆ ಬಂದರೆ, ಗರ್ಭಿಣಿಯರು ಮೊದಲೇ ತಿಳಿಸಬೇಕೆಂಬ ಫಲಕ ಮಲಯಾಳದ ಜೊತೆಗೆ ಕನ್ನಡದಲ್ಲೂ ಇದೆಯೇ ಎಂದು ದಯವಿಟ್ಟು ನೋಡಿ. ಬದಿಯಡ್ಕ, ಪೈವಳಿಕೆ ಕಡೆಯಿಂದ ಬರುವ ಎಷ್ಟೋ ಹೆಂಗಸರಿಗೆ ಮಲಯಾಳ ಓದಲು ಬಾರದು.

ಪೆರಿಯದ ವಿದ್ಯಾರ್ಥಿನಿ

ಇಬ್ಬರಿಗೂ ವಂದನೆಗಳು. ಲೋಪ ಕಂಡುಬಂದರೆ ಪತ್ರ ಬರೆದು ಸುಮ್ಮನಾಗುತ್ತಾರೆಯೇ? ಸೇರುವ ದಾರಿ ಯಾವುದು, ಸರ್?

ಉತ್ತರ: ಕುಂಬಳೆ ಮೂಲದ ನಿವೃತ್ತ, ಮುಂಬಯಿ

ಮೊದಲು ಪತ್ರವೇ, ಸರಿಪಡಿಸಲು ಗಡುವು ಕೊಡುತ್ತಾರೆ. ಅಪಾಯವಿದ್ದರೆ ಯಂತ್ರಕ್ಕೆ ಬೀಗಮುದ್ರೆ ಹಾಕುವುದು, ಪರವಾನಗಿಯನ್ನು ಅಮಾನತಿನಲ್ಲಿಡುವುದು, ಸ್ಥಾವರವನ್ನೇ ನಿಲ್ಲಿಸಲು ಹೇಳುವುದು ಉಂಟು. ವಿಕಿರಣ ಮೂಲಗಳ ಲೆಕ್ಕ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ 2010ರ ದೆಹಲಿಯ ಮಾಯಾಪುರಿ ಪ್ರಕರಣವನ್ನು ಓದಿ. ದೆಹಲಿ ವಿಶ್ವವಿದ್ಯಾಲಯದಲ್ಲಿ ಬಳಕೆಯಿಲ್ಲದೆ ಬಿದ್ದಿದ್ದ ಗಾಮಾ ಸೆಲ್ ಎಂಬ ಸಂಶೋಧನಾ ಉಪಕರಣ ಗುಜರಿಗೆ ಹರಾಜಾಗಿ, ಅದರೊಳಗಿನ ವಿಕಿರಣ ಸೂಸುವ ಕೋಬಾಲ್ಟ್-60ರಿಂದ ಒಬ್ಬ ಕೆಲಸಗಾರ ತೀರಿಕೊಂಡ. ಆದ್ದರಿಂದ ಖರೀದಿ, ಸಾಗಾಟ, ವಿಲೇವಾರಿ ಎಲ್ಲಕ್ಕೂ ಪ್ರತ್ಯೇಕ ಒಪ್ಪಿಗೆ ಕೇಳುವ ಅರ್ಜಿಗಳನ್ನು ಕಿರಿಯ ಅಧಿಕಾರಿ ಉದಾಸೀನದಿಂದ ನೋಡಬಾರದು.

ಸೇರಲು ಬಾಬಾ ಅಣು ಸಂಶೋಧನಾ ಕೇಂದ್ರದ ಒಂದು ವರ್ಷದ ತರಬೇತಿ ಶಾಲೆಯ ದಾರಿಯಿದೆ. ಗೇಟ್ ಪರೀಕ್ಷೆಯ ಅಂಕಗಳ ಮೇಲೆ ಸಂದರ್ಶನಕ್ಕೆ ಕರೆಯುತ್ತಾರೆ. ಸಂದರ್ಶನದಲ್ಲಿ ಮೂಲ ಭೌತವಿಜ್ಞಾನವನ್ನು ಆಳವಾಗಿ ಕೆದಕುತ್ತಾರೆ. ಸಿದ್ಧತೆಯನ್ನು ಅಲ್ಲಿಂದಲೇ ತೊಡಗಿ.