ಸ್ತರಭಂಗದ (ಬಂಡೆಗಳು ಸರಿಯುವ ಬಿರುಕಿನ) ಆಳದಲ್ಲಿ ದ್ರವ ಸರಿದರೆ ಗುರುತ್ವ ಅಳೆಯುವ ಗ್ರಾವಿಮೀಟರಿಗೆ ಗೊತ್ತಾಗುತ್ತಾ?

ಪ್ರಶ್ನೆ – ಭೂಭೌತ ವಿದ್ಯಾರ್ಥಿ
ಜಪಾನಿನ ತೋಕಾಯ್ ಭಾಗದಲ್ಲಿ ಸ್ಲೋ ಸ್ಲಿಪ್ (ಕಂಪನವಿಲ್ಲದೆ ನಿಧಾನವಾಗಿ ಆಗುವ ಜಾರುವಿಕೆ) ನಡೆಯುವಾಗ ಗುರುತ್ವ ಬದಲಾಗಿದ್ದನ್ನು ಅಳೆದು, ಭೂಫಲಕಗಳ ನಡುವೆ ದ್ರವ ಸರಿದಿರಬಹುದು ಅಂತ ಹೇಳ್ತಾರೆ. ಆದರೆ ನೆಲ ಏರಿಳಿದರೂ ಗುರುತ್ವ ಬದಲಾಗುತ್ತಲ್ಲ? ದ್ರವದ್ದೇ ಅಂತ ಬೇರ್ಪಡಿಸೋದು ಹೇಗೆ?

ಉತ್ತರ – ಮೈಕ್ರೋಗ್ಯಾಲ್
ನೆಲದ ಏರಿಳಿತ ಕಳೆಯೋದು ಸುಲಭದ ಭಾಗ. ನೆಲ 1 ಸೆಂ.ಮೀ. ಏರಿದರೆ ಗುರುತ್ವ ಸುಮಾರು 3 ಮೈಕ್ರೋಗ್ಯಾಲ್ ಇಳಿಯುತ್ತೆ (1 ಮೈಕ್ರೋಗ್ಯಾಲ್ ಅಂದರೆ ಭೂಮಿಯ ಗುರುತ್ವದ ಸುಮಾರು ನೂರು ಕೋಟಿಯಲ್ಲೊಂದು ಪಾಲು). ಪಕ್ಕದಲ್ಲೇ ಜಿಪಿಎಸ್ ಇದ್ದರೆ ಅದನ್ನು ಲೆಕ್ಕದಿಂದ ತೆಗೆಯಬಹುದು. ಉಳಿದದ್ದು ದ್ರವ್ಯರಾಶಿಯ ಮಾತು. ವಿಶಾಲವಾಗಿ ಹರಡಿದ 1 ಮೀಟರ್ ದಪ್ಪದ ನೀರಿನ ಪದರ ಸುಮಾರು 42 ಮೈಕ್ರೋಗ್ಯಾಲ್ ಕೊಡುತ್ತೆ, ಅಂದರೆ 10 ಮೈಕ್ರೋಗ್ಯಾಲಿಗೆ ಕಾಲು ಮೀಟರಿನಷ್ಟು ನೀರು ಸಾಕು. ಎಫ್‌ಜಿ5ನಂಥ ಗ್ರಾವಿಮೀಟರ್ ನಿರ್ವಾತದಲ್ಲಿ ಪ್ರತಿಫಲಕವೊಂದನ್ನು ಬೀಳಿಸಿ, ಲೇಸರಿನಿಂದ ಅಳೆದು, 2 ಮೈಕ್ರೋಗ್ಯಾಲ್ ಆಸುಪಾಸಿನ ನಿಖರತೆ ಕೊಡುತ್ತೆ. ಹಾಗಾಗಿ ಸಂಕೇತ ಕೈಗೆಟುಕುವಂಥದ್ದೇ. ಒಂದು ಷರತ್ತಿದೆ: ಪದರದ ಅಗಲ ಅದರ ಆಳಕ್ಕಿಂತ ಸಾಕಷ್ಟು ಹೆಚ್ಚಿರಬೇಕು. 30 ಕಿ.ಮೀ. ಕೆಳಗಿನ ಚಿಕ್ಕ ತೇಪೆ ಏನೂ ತೋರಿಸಲ್ಲ.

ನಿಜವಾದ ತಲೆನೋವು ಮೇಲಿನ ನೀರು. ಜೋರು ಮಳೆಯ ನಂತರ ಅಂತರ್ಜಲ ಏರಿದರೂ ಗುರುತ್ವ ಅಷ್ಟೇ ಕುಣಿಯುತ್ತೆ. ಚಂದ್ರ-ಸೂರ್ಯರ ಸೆಳೆತದಿಂದಾಗುವ ಭೂ ಉಬ್ಬರವಿಳಿತ ಎಷ್ಟೇ ದೊಡ್ಡದಿದ್ದರೂ ಲೆಕ್ಕ ಹಾಕಿ ಕಳೆಯಬಹುದು. ಮಣ್ಣಿನೊಳಗಿನ ನೀರಿಗೆ ಅಂಥ ಸೂತ್ರ ಇಲ್ಲ, ಬಾವಿಯ ಮಟ್ಟ ಅಳೀಬೇಕು, ಮಾದರಿ ಕಟ್ಟಬೇಕು. ನನ್ನ ಕೆಲಸದ ಹೆಚ್ಚಿನ ಪಾಲು ಇದೇ, ಸ್ತರಭಂಗದ ಸರದಿ ಆಮೇಲೆ!

ಇನ್ನೊಂದು ಸೂಕ್ಷ್ಮ. ದ್ರವ ಖಾಲಿ ರಂಧ್ರ ತುಂಬಿದರೆ ಗುರುತ್ವ ಏರುತ್ತೆ. ಅದೇ ದ್ರವ ಬಂಡೆಯನ್ನು ಬಿರಿಸಿ ಜಾಗ ಮಾಡಿಕೊಂಡರೆ ನೆಲವೂ ಏರಿ, ಎರಡು ಪರಿಣಾಮ ಒಂದಕ್ಕೊಂದು ಎದುರಾಗುತ್ತೆ. 1965ರಲ್ಲಿ ಜಪಾನಿನಲ್ಲಿ ಶುರುವಾದ ಮತ್ಸುಶಿರೊ ಭೂಕಂಪ ಸರಣಿಯಲ್ಲಿ ನೆಲ ಉಬ್ಬಿತು, ನೀರು ಉಕ್ಕಿ ಹೊರಬಂತು, ಆಮೇಲೆ ನೆಲ ಕುಸಿಯಿತು. ಅಲ್ಲಿ ಮಟ್ಟಮಾಪನ (ನೆಲದ ಎತ್ತರದ ಅಳತೆ), ಗುರುತ್ವ, ಬುಗ್ಗೆಯ ಹರಿವು ಮೂರನ್ನೂ ಸೇರಿಸಿ ಓದಿದರು.

ಪ್ರತಿಕ್ರಿಯೆ – ಇನ್ನೊಬ್ಬ ಓದುಗ
ಗುರುತ್ವ ಅಳೆಯುವ ಗ್ರೇಸ್‌ನಂಥ ಉಪಗ್ರಹದಿಂದ ಆಗಲ್ವಾ ಸಾರ್?

ಉತ್ತರ – ಮೈಕ್ರೋಗ್ಯಾಲ್
2004ರ ಸುಮಾತ್ರ ಭೂಕಂಪದಂಥ ದೊಡ್ಡ ಬದಲಾವಣೆ ಅದಕ್ಕೆ ಕಂಡಿದೆ. ಆದರೆ ಅದರ ನೋಟ ಕೆಲವು ನೂರು ಕಿ.ಮೀ. ಅಳತೆಯದ್ದು. ಸ್ತರಭಂಗದ ಒಂದು ತುಂಡಿನಲ್ಲಿ ಸರಿಯುವ ದ್ರವ ಅದರಲ್ಲಿ ಕಾಣಲ್ಲ.

ಪ್ರಶ್ನೆ ಕೇಳಿದವರು
ಹಾಗಾದರೆ ಪ್ರಬಂಧ ಓದುವಾಗ ಮೊದಲು ಏನು ನೋಡಲಿ?

ಉತ್ತರ – ಮೈಕ್ರೋಗ್ಯಾಲ್
ಮಳೆ ಮತ್ತು ಅಂತರ್ಜಲದ ತಿದ್ದುಪಡಿ ಹೇಗೆ ಮಾಡಿದ್ದಾರೆ ಅಂತ. ಅದು ಒಂದೇ ಸಾಲಿನಲ್ಲಿ ಮುಗಿದಿದ್ದರೆ ನಾನಂತೂ ಮುಂದಿನ ಚಿತ್ರಗಳನ್ನು ಅನುಮಾನದಿಂದಲೇ ನೋಡ್ತೀನಿ.