ಅಪ್‌ಡೇಟ್: ಕೋಳಿಗಳ ಕಾಲು ಈಗ ಸಿಕ್ಕಿಕೊಳ್ಳುತ್ತಿಲ್ಲ

ತಳವಿಲ್ಲದ ಜಾಲರಿ ಗೂಡನ್ನು ಹೊಸ ಹುಲ್ಲಿಗೆ ಎಳೆಯುವಾಗ ಕೋಳಿಗಳ ಕಾಲು ಚೌಕಟ್ಟಿನ ಹಿಂಬದಿಯ ಪಟ್ಟಿಯಡಿ ಸಿಕ್ಕಿಕೊಳ್ಳುತ್ತಿದೆ, ಏನು ಮಾಡಲಿ ಅಂತ ಕೇಳಿದ್ದೆ, ನೆನಪಿದೆಯಾ?

ಹಲವರು ಚಕ್ರ ಹಾಕಿ ಅಂದಿರಿ. ಹಿಂಬದಿಗೆ ಎರಡು ಹಾಕಿದೆ. ಭಾರ ಕಡಿಮೆಯಾಯಿತು, ಈಗ ಒಬ್ಬನೇ ಎಳೆಯುತ್ತೇನೆ. ಆದರೆ ನಿಜವಾಗಿ ಕೆಲಸ ಮಾಡಿದ್ದು ಚಕ್ರ ಅಲ್ಲ, ಎಳೆಯುವ ಹೊತ್ತು. ಬೆಳಿಗ್ಗೆ ಅವು ಮಲಗುವ ಪೆಟ್ಟಿಗೆಯ ಬಾಗಿಲು ತೆರೆಯುವ ಮೊದಲೇ ಎಳೆದುಬಿಡುತ್ತೇನೆ. ಎಲ್ಲ ಒಳಗೇ ಇರುತ್ತವೆ, ಯಾವ ಕಾಲೂ ಅಡ್ಡ ಬರುವುದಿಲ್ಲ. ಇಷ್ಟು ಸುಲಭದ್ದು ಮೊದಲೇ ಹೊಳೆಯಲಿಲ್ಲವಲ್ಲ! ಒಳಗಿಂದ ಒಂದಿಷ್ಟು ಗೊಣಗಾಟ ಕೇಳಿಸುತ್ತದೆ, ಅಷ್ಟೇ. ಬಾಗಿಲು ತೆಗೆದ ಕೂಡಲೇ ಓಡಿ ಬಂದು, ಇಬ್ಬನಿ ಇರುವ ಹುಲ್ಲಿನ ತುದಿಯನ್ನು ಪಟಪಟ ಕಿತ್ತು ತಿನ್ನುತ್ತವೆ.

ಮೊದಲು ನಾಲ್ಕೈದು ದಿನ ಒಂದೇ ಕಡೆ ಬಿಡುತ್ತಿದ್ದೆ. ಕೆದಕಿ ಕೆದಕಿ ಬರೀ ಕೆಸರು. ಈಗ ದಿನಾ ಒಂದು ಗೂಡಿನುದ್ದ ಮುಂದಕ್ಕೆ. ಹಿಂದೆ ಉಳಿದ ಹಿಕ್ಕೆಯನ್ನು ಕುಂಟೆಯಿಂದ ಹರಡಿದರೆ ಹುಲ್ಲು ಸುಟ್ಟು ಹಳದಿಯಾಗುವುದೂ ಕಡಿಮೆ.

ಒಂದು ತಲೆನೋವು ಉಳಿದಿದೆ. ನೆಲ ಏರುತಗ್ಗು ಇರುವಲ್ಲಿ ಪಟ್ಟಿಯ ಕೆಳಗೆ ಮುಷ್ಟಿಯಷ್ಟು ಸಂದು ಬೀಳುತ್ತದೆ. ಸದ್ಯಕ್ಕೆ ಇಟ್ಟಿಗೆ ಇಡುತ್ತಿದ್ದೇನೆ. ಸುತ್ತಲೂ ಜಾಲರಿಯ ಅಂಚು ಬಿಡೋಣ ಅಂತಿದ್ದೇನೆ. ಎಳೆಯುವಾಗ ಅದು ಹುಲ್ಲಿಗೆ ಸಿಕ್ಕಿಕೊಳ್ಳುತ್ತೆ, ಅಲ್ವಾ?